ಮನಸ್ಸಿನ ಕಾಯಿಲೆ ಮತ್ತು ಸ್ವಸಹಾಯ ಗುಂಪು: ರೋಗಿಗಳು, ಮನೆಯವರು ತಿಳಿಯಬೇಕಾದ ವಿಷಯ



ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕಾಯುತ್ತಾ ಕುಳಿತಾಗ ನಡೆಯುವ ಒಂದು ಸಂಗತಿಯನ್ನು ನೀವೂ ಗಮನಿಸಿರಬಹುದು. ಚೀಟಿ ಹಿಡಿದು ಕುಳಿತ ಇಬ್ಬರು ತಾಯಂದಿರು ಮೊದಲು ಯಾವ ಊರು ಎಂದು ಕೇಳಿಕೊಳ್ಳುತ್ತಾರೆ. ಒಬ್ಬರು ಚನ್ನರಾಯನದುರ್ಗದ ಕಡೆಯವರು, ಇನ್ನೊಬ್ಬರು ಸಿರಾ ಕಡೆಯವರು. ಮಳೆ, ಕಡಲೆಕಾಯಿ, ಬಸ್ಸಿನ ಮಾತು ಮುಗಿಯುತ್ತದೆ. ಆಮೇಲೆ ದನಿ ತಗ್ಗುತ್ತದೆ. 'ನಿಮ್ಮ ಹುಡುಗನೂ ರಾತ್ರಿಯೆಲ್ಲ ಒಬ್ಬನೇ ಮಾತಾಡ್ತಿದ್ನಾ?' ಒಮ್ಮೆ ಹೀಗೆ ಮಾತಾಡುತ್ತಿದ್ದಾಗ ಒಬ್ಬ ತಾಯಿ, ಮಗ ಮಾತ್ರೆ ನುಂಗುವುದಿಲ್ಲವೆಂದು ಮುದ್ದೆಯೊಳಗೆ ಅಡಗಿಸಿ ಕೊಡುತ್ತೇನೆ ಎಂದರು. ಇನ್ನೊಬ್ಬಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾನೂ ಹಂಗೇ ಮಾಡಿದ್ದೆ ಕಣಮ್ಮ. ಒಂದಿನ ಗೊತ್ತಾಗೋಯ್ತು. ಆಮೇಲೆ ಮೂರು ತಿಂಗಳು ನನ್ನ ಕೈಯೂಟ ಉಣ್ಣಲಿಲ್ಲ' ಅಂದರು.

ಊಟದಲ್ಲಿ ಗುಟ್ಟಾಗಿ ಔಷಧಿ ಬೆರೆಸಬಾರದು ಎಂದು ನಾನು ನೂರಾರು ಬಾರಿ ಹೇಳಿದ್ದೇನೆ. ಹೂಂ ಎಂದು ತಲೆಯಾಡಿಸಿ ಹೋಗಿ ಮತ್ತೆ ಬೆರೆಸಿದವರೇ ಹೆಚ್ಚು. ಆ ದಿನ ಬೆಂಚಿನ ಮೇಲೆ ಕೇಳಿದ ಮಾತು ಮಾತ್ರ ಆ ತಾಯಿಗೆ ತಟ್ಟಿತು. ಒಳಗೆ ಬಂದು ಅವರು ವೈದ್ಯರಿಗೆ ಕೇಳಿದ ಮೊದಲ ಪ್ರಶ್ನೆಯೇ 'ಅವನಿಗೆ ಹೇಳಿ ಕೊಡೋದು ಹೇಗೆ?' ಎಂಬುದು. ಈ ಲೇಖನದ ವಿಷಯ ಆ ಬೆಂಚಿನ ಮಾತುಕತೆಯೇ. ಅದನ್ನು ತಿಂಗಳಿಗೊಮ್ಮೆ, ನಿಮ್ಮ ಊರಿನಲ್ಲೇ, ಒಂದು ಕ್ರಮದಲ್ಲಿ ನಡೆಸಿದರೆ ಅದಕ್ಕೆ ಸ್ವಸಹಾಯ ಗುಂಪು ಎನ್ನುತ್ತಾರೆ.

ಇದು ಸಾಲದ ಸಂಘವಲ್ಲ

ಸಂಘ, ಸ್ವಸಹಾಯ ಎಂದ ಕೂಡಲೇ ನಮ್ಮ ಹೆಣ್ಣುಮಕ್ಕಳಿಗೆ ವಾರದ ಕಂತು ನೆನಪಾಗುತ್ತದೆ. ಸ್ತ್ರೀಶಕ್ತಿ ಸಂಘಗಳು ಬಂದ ಮೇಲೆ ಹಳ್ಳಿಹಳ್ಳಿಯಲ್ಲೂ ಉಳಿತಾಯ, ಸಾಲ, ಮರುಪಾವತಿ ಎಲ್ಲರಿಗೂ ಪರಿಚಿತ. ಇಲ್ಲಿ ಹೇಳುತ್ತಿರುವ ಗುಂಪಿನಲ್ಲಿ ಕಂತು ಇಲ್ಲ, ಸಾಲ ಇಲ್ಲ, ಅಧ್ಯಕ್ಷಗಿರಿಯೂ ಇಲ್ಲ. ಮನಸ್ಸಿನ ಕಾಯಿಲೆಯಿಂದ ಬಳಲಿದವರು ಹಾಗೂ ಅವರನ್ನು ನೋಡಿಕೊಳ್ಳುತ್ತಿರುವವರು ತಾವೇ ಸೇರಿ, ತಮ್ಮ ಅನುಭವವನ್ನು ಹೇಳಿಕೊಂಡು, ಇನ್ನೊಬ್ಬರದನ್ನು ಕೇಳಿಸಿಕೊಳ್ಳುವ ಕೂಟ ಇದು. ವೈದ್ಯರಾಗಲಿ, ನರ್ಸ್ ಆಗಲಿ ಇದನ್ನು ನಡೆಸುವುದಿಲ್ಲ. ಕರೆದರೆ ಬರುತ್ತೇವೆ, ಕೇಳಿದರೆ ಹೇಳುತ್ತೇವೆ, ಅಷ್ಟೆ. ಗುಂಪಿನಲ್ಲಿ ಚೀಟಿ ಹಾಕುವುದು, ಕೈಸಾಲ ಕೊಡುವುದು ಬೇಡ. ಹಣ ಬಾಕಿ ಉಳಿಸಿಕೊಂಡವರು ಮುಂದಿನ ಸಭೆಗೆ ಮುಖ ತೋರಿಸುವುದಿಲ್ಲ, ಅವರ ಜೊತೆ ಅವರ ಮನೆಯ ರೋಗಿಯೂ ತಪ್ಪಿಹೋಗುತ್ತಾರೆ.

ಹಿಂದೆ ನಡೆದದ್ದು

ಇದು ಹೊಸ ವಿಚಾರವೇನಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಡೇರೆಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನು ಅಲ್ಲಿ ಇರಿಸಿಕೊಂಡರು. ರೋಗಿಯನ್ನು ಬಿಟ್ಟು ಗೇಟು ಮುಚ್ಚಿಕೊಂಡು ಹೋಗುವ ಕಾಲ ಅದು. ಡೇರೆಗಳಲ್ಲಿದ್ದ ಮನೆಯವರು ಕಾಯಿಲೆಯ ಬಗ್ಗೆ ವೈದ್ಯರಿಂದ ಕಲಿತರು, ಪಕ್ಕದ ಡೇರೆಯವರಿಂದಲೂ ಕಲಿತರು. ಇಂದು ನಿಮ್ಮನ್ನು ರೋಗಿಯ ಪಕ್ಕದಲ್ಲೇ ಉಳಿಸಿಕೊಳ್ಳುವ ಪದ್ಧತಿಯ ಬೇರು ಅಲ್ಲಿದೆ. ಅದಕ್ಕೂ ಮೊದಲು, 1935ರಲ್ಲಿ, ಅಮೆರಿಕದ ಓಹಾಯೋ ಪ್ರಾಂತ್ಯದ ಆಕ್ರನ್ ಎಂಬ ಊರಿನಲ್ಲಿ ಕುಡಿತದಿಂದ ಹಾಳಾಗಿದ್ದ ಇಬ್ಬರು, ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್, ಒಬ್ಬರ ಜೊತೆ ಒಬ್ಬರು ಮಾತಾಡುತ್ತಾ ಕುಡಿಯದೆ ಇರಲು ಕಲಿತರು. ಆಲ್ಕೊಹಾಲಿಕ್ಸ್ ಅನಾನಿಮಸ್ ಬೆಳೆದದ್ದು ಅಲ್ಲಿಂದ. ಇಂದು ಕರ್ನಾಟಕದಲ್ಲೂ ಅದರ ಸಭೆಗಳು ನಡೆಯುತ್ತವೆ, ಶುಲ್ಕವಿಲ್ಲ.

ನಮ್ಮ ಜಿಲ್ಲೆಗೇ ಬರೋಣ. ನಿಮ್ಹಾನ್ಸ್ ವೈದ್ಯರು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಮಧುಗಿರಿಗೆ ಬಂದು ರೋಗಿಗಳನ್ನು ನೋಡುವ ಏರ್ಪಾಡು ದಶಕಗಳ ಹಿಂದೆಯೇ ಇತ್ತು. 2000ರ ದಶಕದಲ್ಲಿ ಬೇಸಿಕ್ ನೀಡ್ಸ್ ಇಂಡಿಯಾ ಎಂಬ ಸಂಸ್ಥೆಯು ಪಾವಗಡದ ನರೇಂದ್ರ ಫೌಂಡೇಶನ್, ದೊಡ್ಡಬಳ್ಳಾಪುರದ ಗ್ರಾಮೀಣ ಅಭ್ಯುದಯ ಸೇವಾ ಸಂಸ್ಥೆ ಮುಂತಾದವುಗಳ ಜೊತೆ ಸೇರಿ ಹಳ್ಳಿಗಳಲ್ಲಿ ಕೆಲಸ ಮಾಡಿತು. ಅವರ ಕ್ರಮದಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದು. ರೋಗಿ, ಮನೆಯವರನ್ನು ಮೊದಲು ಕೂರಿಸಿ 'ನಿಮಗೆ ಏನು ಬೇಕು' ಎಂದು ಕೇಳುವುದು, ಚಿಕಿತ್ಸೆ ಹತ್ತಿರದಲ್ಲೇ ಸಿಗುವಂತೆ ಮಾಡುವುದು, ಕೈಗೆ ಕೆಲಸ ಹುಡುಕುವುದು, ಬಳಿಕ ಅವರದೇ ಗುಂಪು ಕಟ್ಟಿಸುವುದು. ಪಾವಗಡದಂಥ ಬರದ ನಾಡಿನಲ್ಲಿ ಸಾಧ್ಯವಾದದ್ದು ಕೊರಟಗೆರೆ ಸೀಮೆಯಲ್ಲಿ ಸಾಧ್ಯವಾಗದೇ?

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 2005ರಿಂದ, ನಂತರ ನಮ್ಮ ತುರುವೇಕೆರೆ ತಾಲ್ಲೂಕಿನಲ್ಲಿ, ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲೇ ಹುಡುಕಿ ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟು ನೋಡಿದ್ದಾರೆ. ಬಿಡದೆ ಚಿಕಿತ್ಸೆ ಪಡೆದವರಲ್ಲಿ ಬಹಳ ಮಂದಿ ಚೇತರಿಸಿಕೊಂಡು ಮನೆಯ, ಹೊಲದ ಕೆಲಸಕ್ಕೆ ಮರಳಿದ್ದು ಕಂಡುಬಂತು. 'ಬಿಡದೆ' ಎಂಬ ಮಾತನ್ನು ದಯವಿಟ್ಟು ಗಮನಿಸಿ. ಗುಂಪಿನ ನಿಜವಾದ ಉಪಯೋಗ ಇರುವುದು ಅಲ್ಲಿಯೇ.

ಗುಂಪು ಔಷಧಿಯ ಬದಲಿಗಲ್ಲ

ನಿದ್ದೆ ಸರಿಯಾಯಿತು, ಊಟ ಸೇರಿತು, ಮನುಷ್ಯ ಗೆಲುವಾದ. ಮೂರನೇ ತಿಂಗಳಿಗೆ ಯಾರೋ ಹೇಳುತ್ತಾರೆ: 'ಇವು ನಿದ್ದೆ ಮಾತ್ರೆ, ಚಟವಾಗುತ್ತೆ, ಬಿಡಿಸಿ.' ಮನೆಯವರು ಬಿಡಿಸುತ್ತಾರೆ. ಮೊದಲ ವಾರ ಏನೂ ಆಗುವುದಿಲ್ಲ. ಒಂದು ತಿಂಗಳೂ ಆಗದಿರಬಹುದು. 'ನೋಡಿ, ಬಿಟ್ಟರೂ ಚೆನ್ನಾಗಿದಾನೆ' ಎನ್ನುವಷ್ಟರಲ್ಲಿ ಕಾಯಿಲೆ ಮರುಕಳಿಸುತ್ತದೆ, ಮೊದಲಿಗಿಂತ ಜೋರಾಗಿಯೇ. ಸ್ಕಿಜೋಫ್ರೇನಿಯಾ, ಖಿನ್ನತೆ ಮುಂತಾದವುಗಳಿಗೆ ಕೊಡುವ ಮುಖ್ಯ ಔಷಧಿಗಳು ಚಟ ಹಿಡಿಸುವಂಥವಲ್ಲ. ಕೆಲವು ನಿದ್ದೆಯ, ಆತಂಕದ ಮಾತ್ರೆಗಳು ಅಭ್ಯಾಸವಾಗಬಹುದು ನಿಜ. ಅದಕ್ಕೇ ವೈದ್ಯರು ಅವನ್ನು ಸ್ವಲ್ಪ ದಿನಕ್ಕೆ ಮಾತ್ರ ಬರೆಯುತ್ತಾರೆ. ಖಿನ್ನತೆಯ ಮಾತ್ರೆ ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಎಂಟು ದಿನಕ್ಕೆ 'ಏನೂ ಉಪಯೋಗವಿಲ್ಲ' ಎಂದು ಎಸೆಯುವವರಿದ್ದಾರೆ.

ಇದನ್ನೆಲ್ಲ ನಾನು ಹೇಳಿದರೆ ಆಸ್ಪತ್ರೆಯವರು ಹೇಳುವುದೇ ಹೀಗೆ ಎಂದಾಗುತ್ತದೆ. ತಾನೇ ಮಾತ್ರೆ ಬಿಟ್ಟು, ರಾತ್ರಿಯಲ್ಲಿ ಬರಿಗಾಲಲ್ಲಿ ಊರು ಬಿಟ್ಟು ಹೋಗಿ, ಹದಿನೈದು ದಿನದ ಮೇಲೆ ಸಿಕ್ಕಿದವನು ಎದುರಿಗೆ ಕುಳಿತು 'ನಾನು ಬಿಟ್ಟಿದ್ದೆ ಅಣ್ಣಾ, ನೀವು ಬಿಡಬೇಡಿ' ಎಂದರೆ ಅದರ ತೂಕವೇ ಬೇರೆ.

ಆದರೆ ಗುಂಪಿನಿಂದ ಕೆಡುಕೂ ಆಗಬಹುದು. 'ನನಗೆ ಈ ಮಾತ್ರೆ ಒಗ್ಗಿತು, ನೀನೂ ಎರಡು ತಗೊಂಡು ನೋಡು' ಎನ್ನುವುದು ಅತ್ಯಂತ ಅಪಾಯಕರ. ಉದಾಹರಣೆಗೆ ಲಿಥಿಯಂ ಮಾತ್ರೆ. ಅತಿ ಉತ್ಸಾಹ ಮತ್ತು ಖಿನ್ನತೆ ಬಂದು ಹೋಗುವ ಬೈಪೋಲಾರ್ ಕಾಯಿಲೆಗೆ ಅದು ಒಳ್ಳೆಯ ಔಷಧಿ, ಆದರೆ ಆಗಾಗ್ಗೆ ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ನೋಡಲೇಬೇಕು. ನಮ್ಮ ಬಯಲುಸೀಮೆಯ ಬಿಸಿಲಲ್ಲಿ ದಿನವಿಡೀ ದುಡಿದು ನೀರು ಕುಡಿಯದಿದ್ದರೆ, ವಾಂತಿ ಭೇದಿಯಾದರೆ, ಅದರ ಅಂಶ ರಕ್ತದಲ್ಲಿ ಏರಿ ವಿಷವಾಗಬಹುದು. ಕೈ ಜೋರಾಗಿ ನಡುಗುವುದು, ತೂರಾಡುವುದು, ಮಾತು ತೊದಲುವುದು ಕಂಡರೆ ಮುಂದಿನ ಮಾತ್ರೆ ನುಂಗದೆ ಅಂದೇ ಆಸ್ಪತ್ರೆಗೆ ಬನ್ನಿ. ಕುಡಿತದ ವಿಷಯದಲ್ಲೂ ಹೀಗೆಯೇ. ವರ್ಷಗಟ್ಟಲೆ ದಿನವೂ ಕುಡಿದವರು ಗುಂಪಿನಲ್ಲಿ ಆಣೆಯಿಟ್ಟು ಒಂದೇ ದಿನಕ್ಕೆ ಬಿಟ್ಟರೆ, ಎರಡು ಮೂರು ದಿನದಲ್ಲಿ ಫಿಟ್ಸ್, ವಿಪರೀತ ನಡುಕ, ಇಲ್ಲದ್ದು ಕಾಣುವ ಸನ್ನಿ ಬರಬಹುದು, ಪ್ರಾಣಕ್ಕೂ ಅಪಾಯ. ಬಿಡುವುದು ಆಸ್ಪತ್ರೆಯಲ್ಲಿ, ಬಿಟ್ಟ ಮೇಲೆ ಉಳಿಯುವುದು ಗುಂಪಿನಲ್ಲಿ.

ದೇವರಿಗೆ ಹರಕೆ ಹೊತ್ತಿದ್ದೇವೆ, ಹೋಗಬಹುದೇ ಎಂದು ಹಲವರು ಹೆದರುತ್ತಾ ಕೇಳುತ್ತಾರೆ. ಸಿದ್ಧರಬೆಟ್ಟಕ್ಕೆ ಹೋಗಿ, ಗೊರವನಹಳ್ಳಿಗೆ ಹೋಗಿ, ದರ್ಗಾಕ್ಕೆ ಹೋಗಿ. ಮಾತ್ರೆಯ ಚೀಲ ಮರೆಯದೆ ಜೊತೆಗಿರಲಿ. ಆದರೆ ಸರಪಳಿ ಹಾಕುವ, ಕಟ್ಟಿಹಾಕುವ ಜಾಗ ಎಂಥದ್ದೇ ಇರಲಿ, ಅಲ್ಲಿ ಬಿಟ್ಟು ಬರಬೇಡಿ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಎದ್ದು ಓಡಲಾಗದೆ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಮಾನಸಿಕ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಬಂಧಿಸುವಂತಿಲ್ಲ.

ಸಣ್ಣ ಊರಿನಲ್ಲಿ ಗುಟ್ಟು

ಬೆಂಗಳೂರಿನಲ್ಲಿ ಇಂಥ ಗುಂಪಿಗೆ ಹೋದರೆ ಪಕ್ಕದಲ್ಲಿ ಕುಳಿತವರು ಯಾರೋ ಎತ್ತಲೋ. ಚನ್ನರಾಯನದುರ್ಗ ಹೋಬಳಿಯಲ್ಲಿ ಹಾಗಲ್ಲ. ಪಕ್ಕದಲ್ಲಿ ಕುಳಿತವರು ನಿಮ್ಮ ತಂಗಿಯ ಗಂಡನ ಕಡೆಯ ನೆಂಟರಾಗಿರುತ್ತಾರೆ, ಇಲ್ಲವೇ ಹೊಲದ ಬದುವಿನ ತಕರಾರಿನವರಾಗಿರುತ್ತಾರೆ. ಅಣ್ಣನ ಕಾಯಿಲೆಯ ಸುದ್ದಿ ಹರಡಿ ತಂಗಿಯ ಸಂಬಂಧ ಮುರಿದದ್ದುಂಟು. ಆಸ್ತಿ ಪಾಲಿನ ಹೊತ್ತಿಗೆ 'ಅವನಿಗೆ ತಲೆ ಸರಿಯಿಲ್ಲ' ಎಂದು ಬಾಯಿ ಮುಚ್ಚಿಸಿದ್ದುಂಟು. ಆದ್ದರಿಂದಲೇ ಮನೆಯವರು ಕಾಲುನೋವಿನ ಮಾತ್ರೆ ಎಂದು ಸುಳ್ಳು ಹೇಳುತ್ತಾರೆ, ಹತ್ತಿರದ ಆಸ್ಪತ್ರೆ ಬಿಟ್ಟು ಎರಡು ಬಸ್ಸು ಬದಲಾಯಿಸಿ ದೂರ ಹೋಗುತ್ತಾರೆ. ಅವರನ್ನು ಅಜ್ಞಾನಿಗಳು ಎಂದು ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರ ಭಯಕ್ಕೆ ಕಾರಣವಿದೆ.

ಹಾಗಾದರೆ ಗುಂಪು ನಡೆಯುವುದು ಹೇಗೆ? ಮೊದಲನೆಯದು, ಜಾಗ. ದೇವಸ್ಥಾನದ ಜಗಲಿ, ಅರಳಿಕಟ್ಟೆ ಬೇಡ. ಬಸ್ಸಿಗೆ ಕಾಯುವವರೆಲ್ಲ ನೋಡುತ್ತಾರೆ. ಹತ್ತು ಕಾರಣಕ್ಕೆ ಹತ್ತು ಜನ ಬಂದು ಹೋಗುವ ಪಂಚಾಯಿತಿ ಕಟ್ಟಡದ ಕೋಣೆ, ಅನುಮತಿ ಪಡೆದು ರಜಾದಿನದ ಶಾಲೆ ಒಳ್ಳೆಯದು. ಸಂತೆಯ ದಿನವಾದರೆ ಊರಿಗೆ ಏಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಬೋರ್ಡು, ಬ್ಯಾನರ್ ಬೇಡ. ಫೋಟೋ ಬೇಡವೇ ಬೇಡ. ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋ ಸಂಜೆಗೆ ವಾಟ್ಸಾಪ್‌ನಲ್ಲಿ ಇಡೀ ತಾಲ್ಲೂಕು ಸುತ್ತುತ್ತದೆ.

ಎರಡನೆಯದು, ಮಾತು. ಕೇಳಿದ್ದನ್ನು ಹೊರಗೆ ಹೇಳಬಾರದು ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಒಳ್ಳೆಯ ಸುದ್ದಿಯನ್ನೂ ಹೇಳಬಾರದು. 'ಪಾಪ, ಅವರ ಮಗಳು ಈಗ ಎಷ್ಟು ಚೆನ್ನಾಗಾಗಿದಾಳೆ' ಎಂಬ ಪ್ರೀತಿಯ ಮಾತಿನಲ್ಲೇ ಆಕೆಗೆ ಕಾಯಿಲೆ ಇತ್ತು ಎಂಬ ಸುದ್ದಿಯೂ ಹೋಗುತ್ತದೆ. ಅಂಗಡಿ ಮುಂದೆ ಸಿಕ್ಕಾಗ 'ಈ ಸಲ ಯಾಕೆ ಬರಲಿಲ್ಲ' ಎಂದು ಕೇಳುವುದೂ ತಪ್ಪು. ನಕ್ಕು ಮುಂದೆ ಹೋಗಿ. ಇನ್ನು ಯಾರಾದರೂ ತಾವಾಗಿಯೇ 'ನನಗೆ ಕಾಯಿಲೆ ಇತ್ತು, ಈಗ ವಾಸಿಯಾಗಿದ್ದೇನೆ' ಎಂದು ಊರೆದುರು ಹೇಳಿಕೊಂಡರೆ ಅದು ಅವರ ಧೈರ್ಯ, ಅವರ ಹಕ್ಕು. ಅದನ್ನು ಬೇರೆಯವರು ಅವರ ಪರವಾಗಿ ಮಾಡಬಾರದು.

ಮೂರನೆಯ ಮಾತನ್ನು ಮಠದ ಆಸ್ಪತ್ರೆಯ ಈ ಪುಸ್ತಿಕೆಯಲ್ಲಿ ಹೇಳದೆ ಇನ್ನೆಲ್ಲಿ ಹೇಳುವುದು? ಗುಂಪನ್ನು ಒಬ್ಬರ ಮನೆಯಲ್ಲಿ ಸೇರಿಸಿದರೆ ಆ ಮನೆಯ ಹೊಸ್ತಿಲು ಎಲ್ಲರೂ ದಾಟಬಲ್ಲರೇ ಎಂದು ಮೊದಲು ಯೋಚಿಸಿ. ಒಬ್ಬರು ಚಾಪೆಯ ಮೇಲೆ, ಒಬ್ಬರು ಬಾಗಿಲ ಹೊರಗೆ ಕುಳಿತರೆ ಅದು ಗುಂಪಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದಲ್ಲಿ ನಾನಾ ಕಾಯಕದ ಶರಣ ಶರಣೆಯರು ಒಟ್ಟಿಗೆ ಕುಳಿತು ತಮ್ಮ ಅನುಭವವನ್ನು ಮಾತಾಗಿಸಿದರು ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಒಂದೇ ಚಾಪೆ, ಒಂದೇ ಕೆಟಲಿನ ಟೀ, ಒಂದೇ ಬಗೆಯ ಲೋಟ. ಕಾಯಿಲೆ ಬರುವಾಗ ಜಾತಿ ಕೇಳಿ ಬರಲಿಲ್ಲ.

ಸಭೆಯಲ್ಲಿ ಏನು ಮಾಡಬೇಕು?

ಮೊದಮೊದಲು ಇಂಥ ಒಂದು ಕೂಟಕ್ಕೆ ನನ್ನನ್ನು ಕರೆದಾಗ ನಾನು ಚಾರ್ಟು ಹಿಡಿದುಕೊಂಡು ಹೋಗಿದ್ದೆ. ಒಬ್ಬ ತಂದೆ ತನ್ನ ಮಗಳ ವಿಷಯ ಹೇಳುತ್ತಿದ್ದರು. ನಡುವೆ ಬಾಯಿ ಹಾಕಿ ಲಕ್ಷಣಗಳು ಎಷ್ಟು ವಿಧ ಎಂದು ವಿವರಿಸತೊಡಗಿದೆ. ಮೂಲೆಯಲ್ಲಿದ್ದ ವಯಸ್ಸಾದ ಹೆಂಗಸು, 'ಸಿಸ್ಟರಮ್ಮ, ಸ್ವಲ್ಪ ಸುಮ್ನಿರಿ. ಆ ಯಪ್ಪ ಇವತ್ತೇ ಮೊದ್ಲು ಬಾಯಿ ಬಿಟ್ಟಿರೋದು' ಅಂದರು. ನಾಚಿಕೆಯಾಯಿತು. ಆ ಚಾರ್ಟನ್ನು ಮಡಿಸಿ ಪಕ್ಕಕ್ಕಿಟ್ಟವಳು ಮತ್ತೆ ಅಲ್ಲಿ ಬಿಚ್ಚಲಿಲ್ಲ.

ಒಂದು ಗಂಟೆ ಸಾಕು. ಒಬ್ಬೊಬ್ಬರಾಗಿ ಮಾತಾಡಲಿ, ಮಾತಾಡಲು ಇಷ್ಟವಿಲ್ಲದವರು ಸುಮ್ಮನೆ ಕೂರಲಿ. ಬುದ್ಧಿ ಹೇಳುವುದನ್ನು ಆದಷ್ಟು ಕಡಿಮೆ ಮಾಡಿ, 'ನನಗೆ ಹೀಗಾಗಿತ್ತು, ನಾನು ಹೀಗೆ ಮಾಡಿದೆ' ಎಂದು ಹೇಳಿ. ರೋಗಿಗಳೂ ಮನೆಯವರೂ ಒಟ್ಟಿಗೆ ಕೂರಬೇಕೇ ಎಂಬುದಕ್ಕೆ ನನ್ನ ಅಭಿಪ್ರಾಯ ಹೀಗಿದೆ: ಮೊದಲ ಅರ್ಧ ಗಂಟೆ ಒಟ್ಟಿಗೆ, ಉಳಿದದ್ದು ಬೇರೆ ಬೇರೆ. ಅಪ್ಪನ ಎದುರು ಮಗ ಬಾಯಿ ಬಿಡುವುದಿಲ್ಲ. ಮಗನ ಎದುರು ತಾಯಿ 'ನನಗೂ ಸಾಕಾಗಿದೆ' ಎಂದು ಹೇಳಲಾರಳು. ಆ ಮಾತನ್ನು ಹೇಳಿಕೊಳ್ಳಲು ಒಂದು ಜಾಗ ಸಿಕ್ಕರೆ ಅರ್ಧ ಭಾರ ಇಳಿಯುತ್ತದೆ. ಆರೈಕೆ ಮಾಡುವವರ ನಿದ್ದೆ, ರಕ್ತದೊತ್ತಡ, ಸಕ್ಕರೆ ಕಾಯಿಲೆಯನ್ನೂ ವಿಚಾರಿಸಿಕೊಳ್ಳಿ. ಅವರನ್ನು ಕೇಳುವವರು ಯಾರೂ ಇರುವುದಿಲ್ಲ. ಹಾಗೆಯೇ ಸಭೆಗೆ ಬಾರದೆ ಉಳಿಯುವವರು ಸೊಸೆಯಂದಿರು. ಬಾಣಂತನದ ಖಿನ್ನತೆಯಲ್ಲಿರುವ ಹೆಣ್ಣುಮಗಳನ್ನು ಒಬ್ಬ ಅತ್ತೆ ತಾನೇ ಕರೆತಂದರೆ ಅದೇ ದೊಡ್ಡ ಕೆಲಸ.

ಸರ್ಕಾರಿ ಕಾಗದ ಪತ್ರದ ವಿಷಯದಲ್ಲಿ ಗುಂಪು ಬಹಳ ಉಪಯೋಗಿ. ದೀರ್ಘಕಾಲದ ಮಾನಸಿಕ ಕಾಯಿಲೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸೇರಿದೆ. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆಯ ಪ್ರಮಾಣಪತ್ರವಿದ್ದರೆ ಹಲವು ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಒಬ್ಬರು ಅಲೆದು ಪ್ರಮಾಣಪತ್ರ ಪಡೆದಿದ್ದರೆ ಉಳಿದವರಿಗೆ ದಾರಿ ಗೊತ್ತಾಗುತ್ತದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ಕೊರಟಗೆರೆ, ಮಧುಗಿರಿಯಲ್ಲಿ ವಿಚಾರಿಸಿ ಇಟ್ಟುಕೊಳ್ಳಿ. ನಾಲ್ಕು ಮನೆಯವರು ಸರದಿಯಂತೆ ಜೊತೆಗೆ ಹೋದರೆ ಒಬ್ಬರ ಕೂಲಿಯಾದರೂ ಉಳಿಯುತ್ತದೆ.

ಸಭೆಯ ಮಾತು ಸಾಕಾಗದ ಸಂದರ್ಭ

'ನಾನಿದ್ದು ಏನು ಪ್ರಯೋಜನ' ಎಂದು ಯಾರಾದರೂ ಅಂದರೆ ಅದನ್ನು ಹಾರಿಸಿಬಿಡಬೇಡಿ. ನೇರವಾಗಿ ಕೇಳಿ: 'ಸಾಯಬೇಕು ಅಂತ ಅನ್ನಿಸ್ತಿದೆಯಾ?' ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಅದು ಸುಳ್ಳು. ಕೇಳಿದರೆ ಒಳಗಿನದನ್ನು ಹೇಳಿಕೊಳ್ಳಲು ಅವರಿಗೆ ದಾರಿಯಾಗುತ್ತದೆ. ಹೌದು ಎಂದರೆ ಅವರನ್ನು ಒಬ್ಬರೇ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕದ ಡಬ್ಬಿಯನ್ನು ಅಂದೇ ಬೇರೆಯವರ ಮನೆಗೆ ಸಾಗಿಸಿ, ಮಾತ್ರೆಗಳು ನಿಮ್ಮ ಬಳಿ ಇರಲಿ, ಬೇಗನೆ ಆಸ್ಪತ್ರೆಗೆ ಕರೆತನ್ನಿ. ಇದೊಂದು ಗುಟ್ಟನ್ನು ಮಾತ್ರ ಗುಂಪು ಕಾಪಾಡಬಾರದು. ಈ ನಿಯಮವನ್ನು ಮೊದಲ ಸಭೆಯಲ್ಲೇ ಎಲ್ಲರಿಗೂ ಹೇಳಿಬಿಡಿ. ಆಗಲೇ ಏನಾದರೂ ಕುಡಿದಿದ್ದರೆ, ಪೊಲೀಸ್ ಕೇಸ್ ಆಗುತ್ತದೆಂದು ಹೆದರಿ ತಡ ಮಾಡಬೇಡಿ. 2017ರ ಕಾಯಿದೆಯು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಅವರಿಗೆ ಸಿಗಬೇಕಾದದ್ದು ಆರೈಕೆ ಎನ್ನುತ್ತದೆ. ನಡುರಾತ್ರಿಯಲ್ಲಿ ಯಾರೂ ಸಿಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸೇವೆ. ಹಣ ಕೊಡಬೇಕಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.

ಗುಂಪು ಆರಂಭಿಸಲು ಮೂರು ಮನೆಯವರು ಸಿಕ್ಕರೆ ಸಾಕು. ಮೊದಲ ಸಭೆಗೆ ಐದಾರು ಜನ ಬಂದು, ಎರಡನೆಯದಕ್ಕೆ ನೀವೊಬ್ಬರೇ ಉಳಿಯಬಹುದು. ಆದರೂ ಹೇಳಿದ ಜಾಗದಲ್ಲಿ ಹೇಳಿದ ಹೊತ್ತಿನವರೆಗೆ ಕುಳಿತಿರಿ. ದೂರದಿಂದ ನೋಡಿಕೊಂಡು ಹೋದವರು ಮುಂದಿನ ತಿಂಗಳು ಒಳಗೆ ಬರುವುದುಂಟು. ನಿಮ್ಮ ಕಡೆಯಿಂದ ಇಲ್ಲಿಗೆ ಬರುವ ಬೇರೆ ಮನೆಯವರು ಯಾರೆಂದು ನಾವಾಗಿ ಹೇಳುವುದಿಲ್ಲ, ನಿಮ್ಮ ಹೆಸರನ್ನೂ ಅವರಿಗೆ ಹೇಳುವುದಿಲ್ಲ. ಮುಂದಿನ ಭೇಟಿಗೆ ಬಂದಾಗ ಸಿಸ್ಟರ್ ಬಳಿ 'ನಮಗೆ ಅಂಥವರ ಜೊತೆ ಮಾತಾಡಬೇಕು' ಎಂದು ತಿಳಿಸಿ. ಅವರನ್ನೂ ಕೇಳುತ್ತೇವೆ. ಇಬ್ಬರೂ ಒಪ್ಪಿದರೆ ಅಂದೇ ಒಂದು ಕೋಣೆಯಲ್ಲಿ ಕೂರಿಸಿ, ಬಾಗಿಲು ಮುಂದೆ ಮಾಡಿಕೊಂಡು ನಾವು ಹೊರಗೆ ಬರುತ್ತೇವೆ.